ಮೋಡಗಳ ಚಾವಣಿ

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಹೊರವಲಯದಲ್ಲಿರುವ ಬಾಗ್ಸ್‌ವೇರ್ಡ್ ದೇವಾಲಯವನ್ನು ಹೊರಗಿನಿಂದ ಕಂಡವರು ಧಾನ್ಯದ ಉಗ್ರಾಣವೆಂದೋ ಕಾರ್ಖಾನೆಯೆಂದೋ ಭ್ರಮಿಸಬಹುದು. ಒಳಗೆ ಕಾಲಿಟ್ಟರೆ ನೋಟವೇ ಬೇರೆ. ತಲೆಯ ಮೇಲೆ ಬಿಳಿಯ ಕಾಂಕ್ರೀಟು ಮೋಡಗಳಂತೆ ಅಲೆಯಲೆಯಾಗಿ ಹರಡಿದೆ. ಅದರ ಮಡಿಕೆಗಳ ನಡುವೆ, ಎತ್ತರದ ಕಿಟಕಿಯಿಂದ ಬೆಳಕು ಇಳಿಯುತ್ತದೆ. 1976ರಲ್ಲಿ ಪೂರ್ಣಗೊಂಡ ಈ ಲೂಥರನ್ ದೇವಾಲಯದ ವಾಸ್ತುಶಿಲ್ಪಿ ಯೋರ್ನ್ ಉಟ್ಜನ್.

1918ರಲ್ಲಿ ಹಡಗುಗಳ ವಿನ್ಯಾಸಕಾರರೊಬ್ಬರ ಮಗನಾಗಿ ಜನಿಸಿದ ಇವರು 1957ರಲ್ಲಿ ಸಿಡ್ನಿಯ ಒಪೆರಾ ಹೌಸ್ ಸ್ಪರ್ಧೆಯನ್ನು ಗೆದ್ದಾಗ ಹೊರಜಗತ್ತಿಗೆ ಬಹುಮಟ್ಟಿಗೆ ಅಪರಿಚಿತರು. ಹಾಯಿಗಳಂತೆ ಕಾಣುವ ಆ ಚಿಪ್ಪುಗಳನ್ನು ಕಟ್ಟುವ ಬಗೆಯೇ ಆಗ ಯಾರಿಗೂ ತಿಳಿದಿರಲಿಲ್ಲ. ಎಲ್ಲವನ್ನೂ ಒಂದೇ ಗೋಳದ ಮೈಯಿಂದ ಕತ್ತರಿಸಿದಂತೆ ರೂಪಿಸಬಹುದೆಂಬ ಉಪಾಯ ದೊರೆತದ್ದು 1961ರಲ್ಲಿ. ಅಷ್ಟರಲ್ಲಿ ವೆಚ್ಚ ಏರುತ್ತಲೇ ಇತ್ತು. 1965ರಲ್ಲಿ ಅಧಿಕಾರಕ್ಕೆ ಬಂದ ರಾಜ್ಯ ಸರಕಾರ ಹಣವನ್ನು ತಡೆಹಿಡಿಯಿತು. ಮರುವರ್ಷ ರಾಜೀನಾಮೆಯಿತ್ತು ಹೊರಟ ಉಟ್ಜನ್ ಮತ್ತೆಂದೂ ಆಸ್ಟ್ರೇಲಿಯಾಕ್ಕೆ ಹೋಗಲಿಲ್ಲ. 1973ರ ಉದ್ಘಾಟನೆಯಲ್ಲಿ ಅವರ ಹೆಸರನ್ನೂ ಎತ್ತಲಿಲ್ಲ!

ಅಂಥ ಅವಮಾನದ ಅನಂತರ ಬಂದ ಕೆಲಸವೆಂದೇ ಬಾಗ್ಸ್‌ವೇರ್ಡ್ ನನಗೆ ಸಿಡ್ನಿಗಿಂತ ಹೆಚ್ಚು ಪ್ರಿಯ. ಹವಾಯಿಯ ಕಡಲತೀರದಲ್ಲಿ ನೋಡಿದ ಮೋಡಗಳೇ ಅದರ ಚಾವಣಿಗೆ ಮೂಲವೆಂದು ಅವರು ಹೇಳಿದ್ದುಂಟು. ಅವರ ಒಂದು ರೇಖಾಚಿತ್ರದಲ್ಲಿ ಮೋಡಗಳ ಕೆಳಗೆ ದಂಡೆಯ ಮೇಲಿನ ಜನರಿದ್ದಾರೆ. ಇನ್ನೊಂದರಲ್ಲಿ ಮೋಡಗಳೇ ಕಮಾನುಗಳಾಗಿವೆ, ಜನರು ಶಿಲುಬೆಯತ್ತ ನಡೆದಿದ್ದಾರೆ. ದೇವಾಲಯದ ನೇಯ್ಗೆಯ ವಸ್ತ್ರಗಳನ್ನು ವಿನ್ಯಾಸಗೊಳಿಸಿದವರು ಮಗಳು ಲಿನ್.

1999ರಲ್ಲಿ ಸಿಡ್ನಿ ಮತ್ತೆ ಅವರ ಸಲಹೆ ಕೇಳಿತು. ಉಟ್ಜನ್ ಒಪ್ಪಿದರು, ದೂರದಿಂದಲೇ ಕೆಲಸ ಮಾಡಿದರು. ಪೂರ್ಣಗೊಂಡ ಆ ಕಟ್ಟಡವನ್ನು ಕಣ್ಣಾರೆ ಕಾಣದೆಯೇ 2008ರ ನವೆಂಬರಿನಲ್ಲಿ ನಿಧನರಾದರು.