ಲಾರಿ ಎಂಜಿನ್‌ಗೆ ಓಟದ ಕಾರಿನಲ್ಲಿ ಏನು ಕೆಲಸ?

ಲಾರಿಯ ಎಂಜಿನ್ ಬಿಚ್ಚಿ ಸ್ಪೋರ್ಟ್ಸ್ ಕಾರಿನೊಳಗೆ ಕೂರಿಸಿದರೆ ಹೇಗೆ? ಕೇಳಿದೊಡನೆ ನಗು ಬರುವುದು ಸಹಜ. ಎತ್ತಿನ ನೊಗವನ್ನು ರೇಸ್ ಕುದುರೆಯ ಹೆಗಲಿಗೇರಿಸಿದಂತಾಯಿತು ಎಂದು ಯಾರಾದರೂ ಹೇಳಿಯಾರು. ಆದರೆ ಮೋಟಾರು ವಾಹನಗಳ ಇತಿಹಾಸದಲ್ಲಿ ಈ ಪ್ರಶ್ನೆ ಹಲವು ಬಾರಿ ಗಂಭೀರವಾಗಿಯೇ ಎದ್ದಿದೆ. ಅದಕ್ಕೆ ದೊಡ್ಡ ಕಂಪೆನಿಗಳು ತಮ್ಮ ಹಣವನ್ನೂ ಹೆಸರನ್ನೂ ಪಣಕ್ಕಿಟ್ಟಿವೆ.

'ಲಾರಿ' ಎಂಬುದು ಓಟದ ಕಾರುಗಳ ಜಗತ್ತಿನಲ್ಲಿ ಹಳೆಯ ಬೈಗುಳ. ಬ್ರಿಟನ್ನಿನ ಬೆಂಟ್ಲಿ ಕಾರುಗಳನ್ನು ಕಂಡು ಎಟ್ಟೊರೆ ಬುಗಾಟ್ಟಿ 'ಜಗತ್ತಿನ ಅತಿ ವೇಗದ ಲಾರಿಗಳು' ಎಂದು ಗೇಲಿ ಮಾಡಿದರೆಂಬ ಕಥೆ ಇಂದಿಗೂ ಪ್ರಚಲಿತ. ಬೆಂಟ್ಲಿಯದು ಲಾರಿ ಎಂಜಿನ್ ಆಗಿರಲಿಲ್ಲ. ಭಾರ ಮಾತ್ರ ಲಾರಿಯನ್ನು ನೆನಪಿಸುವಂತಿತ್ತು. ಹಾಗಿದ್ದರೂ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟವನ್ನು 1924ರಲ್ಲಿ ಒಮ್ಮೆ, 1927ರಿಂದ 1930ರವರೆಗೆ ಸತತ ನಾಲ್ಕು ಬಾರಿ ಬೆಂಟ್ಲಿ ಗೆದ್ದಿತು. 1930ರ ಫ್ರೆಂಚ್ ಗ್ರಾನ್ ಪ್ರಿ ಪಂದ್ಯದಲ್ಲಿ ಬುಗಾಟ್ಟಿಯ ಹಗುರ ಕಾರು ಮೊದಲು ಬಂದರೆ, ಅದರ ಹಿಂದೆಯೇ ಎರಡನೆಯದಾಗಿ ಬಂದದ್ದು ಟಿಮ್ ಬರ್ಕಿನ್ ಓಡಿಸಿದ ಬೆಂಟ್ಲಿ 'ಲಾರಿ'!

ನಿಜವಾದ ಲಾರಿ ಎಂಜಿನ್ನಿನ ಕಥೆ ನಡೆದದ್ದು ಅಮೆರಿಕದಲ್ಲಿ. ಇಂಡಿಯಾನಾ ರಾಜ್ಯದ ಕ್ಲೆಸಿ ಕಮಿನ್ಸ್ ಡೀಸೆಲ್ ಎಂಜಿನ್ ತಯಾರಕರು. ಹೊಗೆ, ಸದ್ದು, ಭಾರ ಇವಿಷ್ಟೇ ಡೀಸೆಲ್ ಎಂದು ಜನ ತಿಳಿದಿದ್ದ ಕಾಲ ಅದು. 1931ರಲ್ಲಿ ಅವರು ಡ್ಯೂಸೆನ್‌ಬರ್ಗ್ ಕಾರಿಗೆ ತಮ್ಮ ಎಂಜಿನ್ ಕೂರಿಸಿ ಇಂಡಿಯಾನಾಪೊಲಿಸ್ 500 ಮೈಲಿ ಓಟಕ್ಕೆ ಇಳಿಸಿದರು. ಗೆದ್ದ ಕಾರಿನ ಸರಾಸರಿ ವೇಗ ಗಂಟೆಗೆ ಸುಮಾರು 155 ಕಿ.ಮೀ.; ಕಮಿನ್ಸ್ ಕಾರಿನದು ಸುಮಾರು 138. ಆದರೆ 805 ಕಿ.ಮೀ. ದೂರವನ್ನು ಒಮ್ಮೆಯೂ ನಿಲ್ಲದೆ ಓಡಿದ ಮೊದಲ ಕಾರು ಎಂಬ ಹೆಸರು ಅದಕ್ಕೆ ಬಂತು. ಅದಕ್ಕೆ ದೊರೆತದ್ದು 13ನೇ ಸ್ಥಾನ.

1952ರಲ್ಲಿ ಕಮಿನ್ಸ್ ಕಂಪೆನಿ ಮತ್ತೆ ಬಂತು. ಈ ಬಾರಿ ತಂದದ್ದು ಲಾರಿಗಳ 6.6 ಲೀಟರ್, ಆರು ಸಿಲಿಂಡರಿನ ಎಂಜಿನ್. ಕಬ್ಬಿಣದ ಬದಲು ಹಗುರ ಲೋಹ ಬಳಸಿ, ಟರ್ಬೊಚಾರ್ಜರ್ ಜೋಡಿಸಿ, ಕಾರು ತಗ್ಗಾಗಿರಲೆಂದು ಎಂಜಿನ್ನನ್ನು ಮಗ್ಗುಲಿಗೆ ಮಲಗಿಸಿದ್ದರು. ಅರ್ಹತಾ ಸುತ್ತಿನಲ್ಲಿ ಫ್ರೆಡ್ ಅಗಬಾಷಿಯನ್ ಅದನ್ನು ಗಂಟೆಗೆ ಸರಾಸರಿ 222 ಕಿ.ಮೀ. ವೇಗದಲ್ಲಿ ಓಡಿಸಿ ಮೊದಲ ಸ್ಥಾನದಿಂದಲೇ ಹೊರಡುವ ಹಕ್ಕು ಪಡೆದರು. ನಕ್ಕವರು ಬಾಯಿ ಮುಚ್ಚಿಕೊಂಡರು.

ಆದರೆ ಅದೃಷ್ಟ ಕೈಕೊಟ್ಟಿತು. ಗಾಳಿ ಒಳಹೋಗುವ ದಾರಿ ಕಾರಿನ ಮೂತಿಯಲ್ಲಿ, ನೆಲಕ್ಕೆ ಹತ್ತಿರದಲ್ಲಿತ್ತು. ಟೈರುಗಳು ಉದುರಿಸಿದ ರಬ್ಬರ್ ಚೂರು ಮತ್ತು ಕಸ ಅದರೊಳಗೆ ಸಿಕ್ಕಿಕೊಂಡು, 200 ಸುತ್ತಿನ ಓಟದಲ್ಲಿ 71ನೇ ಸುತ್ತಿಗೇ ಕಾರು ನಿವೃತ್ತವಾಯಿತು. ಸೋಲಿಗೆ ಕಾರಣವಾದದ್ದು ಎಂಜಿನ್ನಿನ ಲಾರಿ ಗುಣವಲ್ಲ, ಉಸಿರು ಕಟ್ಟಿದ ಮೂಗು!

ಕಮಿನ್ಸ್ ಹೆಸರು ನಮಗೂ ಹೊಸದಲ್ಲ. 1962ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಸ್ಥಾಪನೆಯಾಯಿತು. ಆ ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಅವರು ಕೆಲಸ ಆರಂಭಿಸಿದ್ದು ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿಯಿಂದ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಲಾರಿ ಎಂಜಿನ್‌ಗೂ ಓಟದ ಎಂಜಿನ್‌ಗೂ ವ್ಯತ್ಯಾಸವೇನು? ಎಂಜಿನ್ನಿನ ದಂಡವನ್ನು ತಿರುಗಿಸುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಆ ಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ಸಿಗುವುದೇ ಶಕ್ತಿ, ಅಂದರೆ ನಾವು ಹೇಳುವ ಅಶ್ವಶಕ್ತಿ. ಹೊರೆ ಹೊತ್ತು ಘಾಟಿ ಹತ್ತುವ ಲಾರಿಗೆ ನಿಧಾನವಾಗಿ ತಿರುಗುವಾಗಲೇ ಹೆಚ್ಚು ಬಲ ಬೇಕು. ಓಟದ ಕಾರಿಗೆ ಬೇಕಾದದ್ದು ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ. ಅದಕ್ಕಾಗಿ ಎಂಜಿನ್ ವೇಗವಾಗಿ ತಿರುಗಬೇಕು. ಲಾರಿ ಎಂಜಿನ್ ಲಕ್ಷಾಂತರ ಕಿ.ಮೀ. ಬಾಳಬೇಕಾದ್ದರಿಂದ ಅದರ ಒಂದೊಂದು ಭಾಗವೂ ದಪ್ಪ, ಭಾರ. ಭಾರವಾದ ಭಾಗಗಳನ್ನು ಜೋರಾಗಿ ತಿರುಗಿಸಲಾಗದು. ಇಂದಿನ ದೊಡ್ಡ ಲಾರಿಯ 13 ಲೀಟರ್ ಡೀಸೆಲ್ ಎಂಜಿನ್ ಒಂದೇ ಒಂದು ಟನ್ನಿಗೂ ಹೆಚ್ಚು ತೂಗುತ್ತದೆ. ಮಾಜ್ಡಾ ಕಂಪೆನಿಯ ಎಂಎಕ್ಸ್-5 ಎಂಬ ಸ್ಪೋರ್ಟ್ಸ್ ಕಾರಿನ ಒಟ್ಟು ತೂಕವೇ ಸುಮಾರು ಅಷ್ಟು! ಮೂತಿಯಲ್ಲಿ ಅಷ್ಟು ಭಾರ ಹೊತ್ತ ಕಾರು ತಿರುವಿನಲ್ಲಿ ಚಾಲಕನ ಮಾತು ಕೇಳುವುದು ಕಷ್ಟ.

ಈ ವಾದಕ್ಕೆ ಉತ್ತರವೆಂಬಂತೆ ಬಂದದ್ದು ಅಮೆರಿಕದ ಕ್ರೈಸ್ಲರ್ ಕಂಪೆನಿಯ ಡಾಜ್ ವೈಪರ್. 1979ರ ಹೊತ್ತಿಗೆ ಕ್ರೈಸ್ಲರ್ ಸರ್ಕಾರದ ಸಾಲ ಖಾತರಿಯ ನೆರವು ಪಡೆದು ಉಳಿದ ಸಂಸ್ಥೆ. 1980ರ ದಶಕದ ಕೊನೆಯಲ್ಲಿ ಬಾಬ್ ಲಟ್ಜ್ ಮತ್ತು ಸಂಗಡಿಗರು ಹಳೆಯ ಕಾಲದ ಗಡುಸು ಸ್ಪೋರ್ಟ್ಸ್ ಕಾರೊಂದನ್ನು ಮಾಡಹೊರಟಾಗ ಕಂಪೆನಿಯ ಬಳಿ ರೂಪುಗೊಳ್ಳುತ್ತಿದ್ದುದು ರ‍್ಯಾಮ್ ಟ್ರಕ್ಕಿಗೆಂದು ಯೋಜಿಸಿದ್ದ 8 ಲೀಟರ್, ಹತ್ತು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಎರಕ ಕಬ್ಬಿಣದ ಆ ಎಂಜಿನ್ ಕಾರಿಗೆ ತೀರಾ ಭಾರ. ಆಗ ಇಟಲಿಯ ಲ್ಯಾಂಬೊರ್ಗಿನಿ ಕ್ರೈಸ್ಲರ್ ಒಡೆತನದಲ್ಲಿತ್ತು. ಟ್ರ್ಯಾಕ್ಟರಿನಿಂದ ಹೊರಟು ಸ್ಪೋರ್ಟ್ಸ್ ಕಾರಿಗೆ ಬಂದ ಆ ಹೆಸರಿನ ಸಂಸ್ಥೆಯ ನೆರವಿನಿಂದ ಎಂಜಿನ್ ಅಲ್ಯುಮಿನಿಯಂ ರೂಪ ತಾಳಿತು. 1989ರ ಡೆಟ್ರಾಯಿಟ್ ಪ್ರದರ್ಶನದಲ್ಲಿ ಮಾದರಿ ಕಾಣಿಸಿಕೊಂಡಿತು. 1992ರಲ್ಲಿ ಕಾರು ಮಾರಾಟಕ್ಕೆ ಬಂತು.

ಅಣ್ಣ ತಮ್ಮಂದಿರಂಥ ಈ ಎರಡು ಎಂಜಿನ್‌ಗಳ ಅಂಕಿಗಳು ಪಾಠ ಹೇಳುವಂತಿವೆ. 1994ರ ಟ್ರಕ್ಕಿನ ಎಂಜಿನ್ 300 ಅಶ್ವಶಕ್ತಿಯದು, ಕಾರಿನದು 400. ಟಾರ್ಕ್ ಮಾತ್ರ ಎರಡರಲ್ಲೂ 600 ನ್ಯೂಟನ್ ಮೀಟರಿಗೆ ತುಸು ಹೆಚ್ಚು. ಟ್ರಕ್ಕಿನಲ್ಲಿ ಅದು ನಿಮಿಷಕ್ಕೆ 2,400 ಸುತ್ತಿನಲ್ಲಿ ಸಿಕ್ಕರೆ ಕಾರಿನಲ್ಲಿ 3,600ರಲ್ಲಿ. ಬಲ ಅದೇ, ಅದು ದೊರೆಯುವ ವೇಗ ಬೇರೆ. ಶಕ್ತಿಯ ಗುಟ್ಟು ಇರುವುದು ಇಲ್ಲೇ.

ಆದರೂ 'ಇದು ಟ್ರಕ್ ಎಂಜಿನ್' ಎಂಬ ಮೂದಲಿಕೆ ವೈಪರ್‌ನ ಬೆನ್ನು ಬಿಡಲಿಲ್ಲ. ಉತ್ತರ ಸಿಕ್ಕಿದ್ದು ಓಟದ ಅಂಕಣದಲ್ಲಿ. ಲೆ ಮಾನ್ಸ್‌ನಲ್ಲಿ 1998, 1999 ಮತ್ತು 2000ದಲ್ಲಿ ಅದು ತನ್ನ ವರ್ಗದಲ್ಲಿ ಗೆದ್ದಿತು. 2000ದ ಡೇಟೋನಾ 24 ಗಂಟೆಗಳ ಓಟದಲ್ಲಿ ಎಲ್ಲ ವರ್ಗಗಳನ್ನೂ ಹಿಂದಿಕ್ಕಿತು. ಕೊನೆಗೆ ಚಕ್ರ ಪೂರ್ತಿ ತಿರುಗಿತು: 2004ರ ರ‍್ಯಾಮ್ ಎಸ್‌ಆರ್‌ಟಿ-10 ಎಂಬ ಪಿಕಪ್ ಟ್ರಕ್ಕಿಗೆ ವೈಪರ್‌ನ ಎಂಜಿನ್ನನ್ನೇ ಕೂರಿಸಲಾಯಿತು. ಅದು ಗಂಟೆಗೆ ಸುಮಾರು 248 ಕಿ.ಮೀ. ಓಡಿ ದಾಖಲೆ ಬರೆಯಿತು. ವೈಪರ್ ತಯಾರಿಕೆ 2017ರಲ್ಲಿ ನಿಂತಿತು.

ಹಾಗಾದರೆ ತೀರ್ಪೇನು? 'ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ' ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ಲಾರಿಯ ಎಂಜಿನ್ನನ್ನು ಇದ್ದಂತೆಯೇ ಎತ್ತಿ ಕೂರಿಸಿದರೆ ಕಾರು ಕೆಡುತ್ತದೆ. ಕಮಿನ್ಸ್‌ನವರು ಮಾಡಿದಂತೆ, ಕ್ರೈಸ್ಲರ್‌ನವರು ಮಾಡಿದಂತೆ ಕಬ್ಬಿಣ ಕಳೆದು, ಉಸಿರಾಟ ತಿದ್ದಿ, ಹೊಸ ಕೆಲಸಕ್ಕೆ ಹದಗೊಳಿಸಿದರೆ ಲಾರಿ ಕುಲದ ಎಂಜಿನ್ ಕೂಡ ಓಟ ಗೆಲ್ಲಬಲ್ಲದು. ಎಂಜಿನ್ ಯಾವ ಮನೆಯಲ್ಲಿ ಹುಟ್ಟಿತು ಎಂಬುದಕ್ಕಿಂತ ಅದನ್ನು ಯಾರು, ಹೇಗೆ ಬೆಳೆಸಿದರು ಎಂಬುದೇ ಮುಖ್ಯ.