ಕ್ಯಾಸಲ್‌ಟನ್–ಈಡೇಲ್–ಹೋಪ್ ಸುತ್ತುದಾರಿ

ಇಂಗ್ಲೆಂಡಿನ ಡರ್ಬಿಷೈರ್ ಕೌಂಟಿಯ ಮೂರು ಹಳ್ಳಿಗಳನ್ನು ಸುತ್ತಿ ಬರುವ ಗುಡ್ಡಗಾಡಿನ ನಡಿಗೆ. ಹಾದಿ ಪೂರ್ತಿ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದೊಳಗಿದೆ. ಆಯ್ದುಕೊಂಡ ಕವಲುದಾರಿಗಳನ್ನು ಅನುಸರಿಸಿ ಉದ್ದ ಸುಮಾರು 16 ಕಿ.ಮೀ.; ನಿಧಾನವಾಗಿ ನಡೆಯುವವರಿಗೆ ಒಂದು ಇಡೀ ದಿನದ ಕೆಲಸ. ಏರು ಎರಡು ಸಲ ಬರುತ್ತದೆ, ಎರಡನೆಯದು ಹೆಚ್ಚು ದಣಿಸುತ್ತದೆ.

ಕ್ಯಾಸಲ್‌ಟನ್ ನಿಂತಿರುವುದು ಎರಡು ಬಗೆಯ ನೆಲ ಕೂಡುವ ಜಾಗದಲ್ಲಿ. ದಕ್ಷಿಣಕ್ಕೆ ಸುಣ್ಣಕಲ್ಲು, ಗುಹೆಗಳು. ಉತ್ತರಕ್ಕೆ ಮರಳುಗಲ್ಲು, ಜೇಡಿಪದರಗಲ್ಲು. ಊರಿನ ನೆತ್ತಿಯ ಮೇಲೆ ನಾರ್ಮನ್ನರ ಕಾಲದ ಪೆವರಿಲ್ ಕೋಟೆಯಿದೆ. ಪಕ್ಕದ ಗುಡ್ಡದಲ್ಲಿ ನೇರಳೆ, ಹಳದಿ ಪಟ್ಟೆಗಳ 'ಬ್ಲೂ ಜಾನ್' ಎಂಬ ಖನಿಜ ಸಿಗುತ್ತದೆ.

ಇಲ್ಲಿಂದ ಪಶ್ಚಿಮಕ್ಕೆ ಹೊರಟವರಿಗೆ ಎದುರಾಗುವುದು 517 ಮೀಟರ್ ಎತ್ತರದ ಮ್ಯಾಮ್ ಟಾರ್. ಇದಕ್ಕೆ 'ನಡುಗುವ ಬೆಟ್ಟ' ಎಂಬ ಹೆಸರೂ ಇದೆ. ಮರಳುಗಲ್ಲಿನ ನಡುನಡುವೆ ಮೆತ್ತನೆಯ ಜೇಡಿಪದರಗಳಿರುವುದರಿಂದ ಮಳೆನೀರು ಇಳಿದಾಗಲೆಲ್ಲ ಪೂರ್ವದ ಮಗ್ಗುಲು ಜಾರುತ್ತದೆ. 19ನೇ ಶತಮಾನದಲ್ಲಿ ಈ ಜಾರುನೆಲದ ಮೇಲೆಯೇ ರಸ್ತೆ ಮಾಡಿದರು. ಅದು ಕುಸಿದಾಗಲೆಲ್ಲ ಟಾರು ಹಾಕಿ ಸರಿಪಡಿಸಿದರು, ಕೊನೆಗೆ 1979ರಲ್ಲಿ ಕೈಬಿಟ್ಟರು. ನಡೆಯುವವರು ಈ ರಸ್ತೆಯನ್ನು ತಪ್ಪದೆ ನೋಡಬೇಕು. ಬಿರುಕಿನ ಅಂಚಿನಲ್ಲಿ ಬಗ್ಗಿದರೆ ದುರಸ್ತಿಯ ಟಾರು ಒಂದರ ಮೇಲೊಂದು ಪದರವಾಗಿ ಕಾಣುತ್ತದೆ. ಬಿಳಿ ಗೆರೆ ಒಂದೆಡೆ ಕಡಿದು, ಆಳುದ್ದ ಕೆಳಗೆ ಮತ್ತೆ ಶುರುವಾಗುತ್ತದೆ. ವಾಹನಗಳು ಈಗ ವಿನ್ನಟ್ಸ್ ಎಂಬ ಕಡಿದಾದ ಹಳೆಯ ಕಣಿವೆದಾರಿಯನ್ನೇ ಹತ್ತಬೇಕು.

ಶಿಖರದ ಸುತ್ತ ಇತಿಹಾಸಪೂರ್ವ ಕಾಲದ ಮಣ್ಣಿನ ಕೋಟೆಯ ಏರಿಗಳು ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ. ಕಾಲ್ತುಳಿತಕ್ಕೆ ಮಣ್ಣು ಸವೆಯದಿರಲೆಂದು ಇಲ್ಲಿ ಚಪ್ಪಡಿ ಹಾಸಿದ್ದಾರೆ. ಮುಂದಿನ ಏಣುದಾರಿ ಹಾಲಿನ್ಸ್ ಕ್ರಾಸ್ ಎಂಬ ತಗ್ಗಿಗೆ ಇಳಿಯುತ್ತದೆ; ಈಡೇಲ್‌ಗೆ ಇಳಿಯುವುದು ಅಲ್ಲಿಂದಲೇ. ಈಡೇಲ್‌ನಲ್ಲಿ ಚರ್ಚು ಇಲ್ಲದಿದ್ದ ಕಾಲದಲ್ಲಿ ಅಲ್ಲಿಯವರು ಶವಗಳನ್ನು ಹೊತ್ತು ಈ ಏಣನ್ನು ದಾಟಿ ಹೋಪ್‌ಗೆ ಹೋಗುತ್ತಿದ್ದರು. ಆಮೇಲೆ ಈಡೇಲ್‌ನಲ್ಲಿ ಹತ್ತಿಗಿರಣಿ ಬಂದಾಗ ಕ್ಯಾಸಲ್‌ಟನ್ನಿನ ಕೆಲಸಗಾರರು ಇದೇ ದಾರಿಯಲ್ಲಿ ಹೋಗಿಬರುತ್ತಿದ್ದರು. ಇಂದು ವಿಹಾರಕ್ಕೆಂದು ನಡೆಯುವ ಹಾದಿ ಮೊದಲು ಹೊಟ್ಟೆಪಾಡಿನ ಹಾದಿಯಾಗಿತ್ತು.

ಈಡೇಲ್‌ನಿಂದ ಉತ್ತರಕ್ಕೆ ಕಾಣುವ ಕಿಂಡರ್ ಸ್ಕೌಟ್ ಎಂಬ ಎತ್ತರದ ಬಯಲು ಒಂದು ಕಾಲಕ್ಕೆ ಜಮೀನ್ದಾರರ ಬೇಟೆಯ ನೆಲವಾಗಿದ್ದು, ಜನಸಾಮಾನ್ಯರಿಗೆ ಪ್ರವೇಶವಿರಲಿಲ್ಲ. 1932ರ ಏಪ್ರಿಲ್ 24ರಂದು ಬೆನ್ನಿ ರಾಥ್‌ಮನ್ ಮುಂದಾಳುತನದಲ್ಲಿ ನೂರಾರು ಕಾರ್ಮಿಕ ಯುವಕರು ನಿಷೇಧ ಮುರಿದು ಅದನ್ನು ಹತ್ತಿದರು. ಕೆಲವರು ಜೈಲಿಗೂ ಹೋದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು, 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1965ರಲ್ಲಿ ತೆರೆದ ಪೆನ್ನೈನ್ ವೇ ಎಂಬ ದೀರ್ಘ ಕಾಲುದಾರಿ ಹೊರಡುವುದೂ ಈಡೇಲ್‌ನಿಂದಲೇ. ಈ ಸುತ್ತಿನ ಬಹುಪಾಲು ಸೊಗಸು ನೋಟದಲ್ಲಿದೆ ಎನ್ನುವವರಿದ್ದಾರೆ. ಅದಕ್ಕಿಂತ ದೊಡ್ಡದು ಹೀಗೆ ಹೋರಾಡಿ ಗಳಿಸಿದ ನಡೆಯುವ ಹಕ್ಕು. ಹೊಲ ರೈತನದಾದರೂ ಅದರ ನಡುವಿನ ಕಾಲುದಾರಿಯಲ್ಲಿ ಯಾರು ಬೇಕಾದರೂ ನಡೆಯಬಹುದು. ಅದಕ್ಕಾಗಿಯೇ ಕಲ್ಲುಗೋಡೆಗಳಲ್ಲಿ ತಡಮೆಗಳನ್ನೂ ಮರದ ಗೇಟುಗಳನ್ನೂ ಇಟ್ಟಿರುತ್ತಾರೆ.

ಈಡೇಲ್‌ನಿಂದ ಬ್ಯಾಕ್ ಟಾರ್ ಕಡೆಗೆ ಮತ್ತೆ ಹತ್ತಿದರೆ 476 ಮೀಟರಿನ ಲೂಸ್ ಹಿಲ್ ಸಿಗುತ್ತದೆ. ಇದರ ಒಂದು ಭಾಗಕ್ಕೆ 'ವಾರ್ಡ್ಸ್ ಪೀಸ್' ಎಂದು ಹೆಸರು. ಶೆಫೀಲ್ಡಿನಲ್ಲಿ 1900ರಲ್ಲಿ ಕಾರ್ಮಿಕರ ಚಾರಣಸಂಘ ಕಟ್ಟಿದ ಜಿ. ಎಚ್. ಬಿ. ವಾರ್ಡ್ ಅವರಿಗೆ 1945ರಲ್ಲಿ ಈ ನೆಲವನ್ನು ಕಾಣಿಕೆಯಾಗಿ ಕೊಟ್ಟರು. ಅವರು ಅದನ್ನು ನೆಲ, ಸ್ಮಾರಕಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಒಪ್ಪಿಸಿದರು. ಅಲ್ಲಿಂದ ಹೋಪ್‌ಗೆ ಇಳಿದು, ಹೊಲಗಳ ನಡುವೆ ಸಾಗಿ ಕ್ಯಾಸಲ್‌ಟನ್ ಸೇರಬಹುದು.

ಮ್ಯಾಂಚೆಸ್ಟರ್–ಶೆಫೀಲ್ಡ್ ಮಾರ್ಗದ ರೈಲು ಈಡೇಲ್, ಹೋಪ್ ಎರಡೂ ಕಡೆ ನಿಲ್ಲುವುದರಿಂದ ಅಲ್ಲಿಂದಲೂ ನಡಿಗೆ ಶುರು ಮಾಡಬಹುದು. ಏಣಿನ ಮೇಲೆ ಗಾಳಿ ಜೋರು, ಮಂಜು ಹಠಾತ್ತನೆ ಮುಸುಕುತ್ತದೆ. ಬೇಸಿಗೆಯಲ್ಲೂ ಮಳೆ ಅಂಗಿ, ನಕ್ಷೆ ಜೊತೆಗಿರಲಿ. ಕುರಿಗಳು ಮೇಯುವ ನೆಲವಾದ್ದರಿಂದ ದಾಟಿದ ಗೇಟನ್ನು ಮುಚ್ಚಿಯೇ ಮುಂದೆ ಹೋಗಬೇಕು.