ಗುಂಪು ಕಟ್ಟುವ ಮನೆ, ತೀರ್ಪು ಕೊಡುವ ಜನ: ‘ಬಿಗ್ ಬಾಸ್ ಕನ್ನಡ’ದ ಮೈತ್ರಿಗಳು

ಗುಂಪು ಕಟ್ಟಿದವರೇ ಗೆಲ್ಲುತ್ತಾರೆ ಎಂಬ ನಂಬಿಕೆ ರಿಯಾಲಿಟಿ ಸ್ಪರ್ಧೆಗಳ ಚರ್ಚೆಯಲ್ಲಿ ಬೇರೂರಿದ್ದು 2000ರ ಅಮೆರಿಕದ ‘ಸರ್ವೈವರ್’ನಿಂದ. ಅಲ್ಲಿ ರಿಚರ್ಡ್ ಹ್ಯಾಚ್ ನಾಲ್ವರ ಕೂಟ ಕಟ್ಟಿ, ಎದುರು ಬಣದವರನ್ನು ಒಬ್ಬೊಬ್ಬರಾಗಿ ಹೊರಹಾಕಿಸಿ ಗೆದ್ದ. ಆದರೆ ಆ ಆಟದಲ್ಲಿ ಹೊರಹಾಕುವವರೂ ಕೊನೆಗೆ ಗೆಲ್ಲಿಸುವವರೂ ಸ್ಪರ್ಧಿಗಳೇ. 2013ರಲ್ಲಿ ಈಟಿವಿ ಕನ್ನಡದಲ್ಲಿ ಸುದೀಪ್ ನಿರೂಪಣೆಯೊಂದಿಗೆ ಆರಂಭವಾದ ‘ಬಿಗ್ ಬಾಸ್ ಕನ್ನಡ’ ಡಚ್ಚರ ‘ಬಿಗ್ ಬ್ರದರ್’ ಮಾದರಿಯದು. ಮನೆಯೊಳಗಿನ ಸ್ಪರ್ಧಿಗಳು ಹೊರಹಾಕಲು ನಾಮಿನೇಟ್ ಮಾಡುತ್ತಾರೆ, ಉಳಿಸುವುದು ವೀಕ್ಷಕರ ಮತ. ಹೀಗಾಗಿ ಇಲ್ಲಿ ಮೈತ್ರಿ ಸ್ಪರ್ಧಿಯನ್ನು ನಾಮಿನೇಷನ್‌ನಿಂದ ಕಾಪಾಡಬಹುದೇ ಹೊರತು ಗೆಲ್ಲಿಸಲಾರದು. ಮೈತ್ರಿ ಮುರಿದಾಗ ಯಾರು ಯಾರ ಕೈಬಿಟ್ಟರು ಎಂದು ಜನ ನೋಡುವ ಬಗೆಯೇ ಫಲಿತಾಂಶಕ್ಕೆ ಹತ್ತಿರ ಎಂಬುದು ನನ್ನ ವಾದ.

ನಾಲ್ಕನೇ ಆವೃತ್ತಿಯ ಪ್ರಥಮ್ ಮನೆಯವರಿಂದ ಮತ್ತೆಮತ್ತೆ ನಾಮಿನೇಟ್ ಆಗಿಯೂ ಗೆದ್ದರು. ನಾಮಿನೇಷನ್ ಅವರಿಗೆ ಪ್ರತಿ ಬಾರಿ ಮತ ಕೇಳುವ ಅವಕಾಶವಾಯಿತು. ಹತ್ತನೇ ಆವೃತ್ತಿ ಇನ್ನೂ ಸ್ಪಷ್ಟ. ಕಾರ್ತಿಕ್ ಮಹೇಶ್, ತನಿಷಾ ಜೊತೆಗಿದ್ದ ಸಂಗೀತಾ ಶೃಂಗೇರಿ ನಡುವೆ ವಿನಯ್ ಗೌಡರ ಬಣದ ಕಡೆ ಹೋದರು. ಬಳಿಕ ಟಾಸ್ಕ್ ಒಂದರಲ್ಲಿ ಸಂಗೀತಾರ ಸವಾಲಿಗೆ ಕಾರ್ತಿಕ್ ತಲೆ ಬೋಳಿಸಿಕೊಂಡರು. ಕೊನೆಗೆ ಗೆದ್ದದ್ದು ಕಾರ್ತಿಕ್, ಸಂಗೀತಾ ಮೂರನೆಯವರು. ಬಣ ಬದಲಿಸಿದ್ದು ಸಂಗೀತಾರನ್ನು ಫಿನಾಲೆಯಿಂದ ದೂರವಿಡಲಿಲ್ಲ ನಿಜ. ಆದರೂ ಆ ಬೋಳುತಲೆ ಕಾರ್ತಿಕ್‌ಗೆ ತಂದುಕೊಟ್ಟ ಮರುಕವನ್ನು ಯಾವ ಗುಂಪೂ ಕೊಡಲಾಗುತ್ತಿರಲಿಲ್ಲ.

ಅದರ ಮುಂದಿನ ಆವೃತ್ತಿಗೆ 2024ರ ಅಕ್ಟೋಬರ್‌ನಲ್ಲಿ ವೈಲ್ಡ್ ಕಾರ್ಡ್ ಮೂಲಕ ಬಂದ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ, ಆ ವೇಳೆಗೆ ಬಣಗಳು ರೂಪುಗೊಂಡಿದ್ದ ಮನೆಗೆ ಹೊಸಬರು. ಧನರಾಜ್ ಆಚಾರ್ ಜೊತೆಗಿನ ಗೆಳೆತನವೊಂದನ್ನೇ ಗಟ್ಟಿಯಾಗಿ ಹಿಡಿದು 2025ರ ಜನವರಿಯಲ್ಲಿ ಗೆದ್ದರು. ಇದಕ್ಕೆ ತಕರಾರು ಉಂಟು. ಹಾವೇರಿಯಿಂದ ತುಂಗಭದ್ರೆ ದಾಟಿದರೆ ಹಡಗಲಿ, ಹರಪನಹಳ್ಳಿ. ಈ ಸೀಮೆಯಲ್ಲಿ ಹನುಮಂತರ ಸಮುದಾಯವಾದ ಲಂಬಾಣಿಗಳ ತಾಂಡಾಗಳು ಹೇರಳ. ಅಂದಮೇಲೆ ಇದು ಪ್ರದೇಶ ಮತ್ತು ಸಮುದಾಯದ ಅಭಿಮಾನದ ಗೆಲುವಲ್ಲವೇ? ಅಭಿಮಾನ ಇದ್ದಿರಬೇಕು, ಅದನ್ನು ಸಣ್ಣದೆನ್ನುವುದು ತಪ್ಪು. ಆದರೆ ಅದೊಂದೇ ಕಾರಣವಾಗಿದ್ದರೆ ಚಿಂತಾಮಣಿಯ ಶಶಿಕುಮಾರ್, ಪಾವಗಡದ ಮಂಜು ಬೇರೆಬೇರೆ ಸೀಮೆಗಳಿಂದ ಬಂದು ಹಿಂದಿನ ಆವೃತ್ತಿಗಳಲ್ಲಿ ಗೆದ್ದದ್ದನ್ನು ವಿವರಿಸುವುದು ಹೇಗೆ? ಇವರೆಲ್ಲರಲ್ಲೂ ವೀಕ್ಷಕರು ಕಂಡದ್ದು ಲೆಕ್ಕಾಚಾರವಿಲ್ಲದ ನಂಟು. ಹಾಗೆ ಕಾಣಿಸಿಕೊಳ್ಳುವುದೂ ಒಂದು ತಂತ್ರವೇ ಇರಬಹುದು, ಆದರೂ ಅದನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳುವುದು ಸುಲಭವಲ್ಲ.

ಸಂಕಲನದ ತಕರಾರು ಇದಕ್ಕಿಂತ ಗಂಭೀರ. ಇಡೀ ದಿನದ ಚಿತ್ರೀಕರಣದಿಂದ ಆಯ್ದ ಒಂದೂವರೆ ಗಂಟೆಯಷ್ಟನ್ನೇ ನೋಡಿದವರು ಮೈತ್ರಿಯನ್ನು ಅಳೆಯುವುದು ವಾಹಿನಿಯ ಕಣ್ಣಿನಿಂದಲೇ. ವಾರಾಂತ್ಯದಲ್ಲಿ ಸುದೀಪ್ ಕೇಳುವ ಪ್ರಶ್ನೆಗಳೂ ಗುಂಪುಗಾರಿಕೆಯನ್ನು ಬಯಲಿಗೆಳೆದು, ನೋಟವನ್ನು ಒಂದು ದಿಕ್ಕಿಗೆ ತಿರುಗಿಸುತ್ತವೆ. ಈ ಆಕ್ಷೇಪ ನನ್ನ ವಾದವನ್ನು ಕೆಡಿಸದು; ತೀರ್ಪು ಹೊರಗಿನ ನೋಟದ್ದು ಎಂಬುದನ್ನೇ ಅದು ಒತ್ತಿಹೇಳುತ್ತದೆ. ಆದರೆ ಆ ನೋಟ ಯಾವ ವಾರ, ಯಾವ ಘಟನೆಯ ಬಳಿಕ ಬದಲಾಯಿತು ಎಂದು ತೋರಿಸಲು ಫಿನಾಲೆಯಲ್ಲಿ ಘೋಷಿಸುವ ಒಟ್ಟು ಮತಸಂಖ್ಯೆ ಸಾಲದು. ವಾರವಾರದ ಮತಗಳ ಲೆಕ್ಕವನ್ನು ವಾಹಿನಿ ಸಂಶೋಧಕರಿಗೆ ತೆರೆದಿಡಬೇಕು.